ಕಣಜದ ಎಲೆ

ಶೇಷಮ್ಮ ತವರಿಗೆ ಬಂದದ್ದು ಕಣ್ಣಿನ ಪೊರೆ ತೆಗೆಸಿಕೊಳ್ಳಲು. ಮನೆಯವರೆಲ್ಲ ಹಾಗೆಂದೇ ನಂಬಿದ್ದರು. ಹೊಸನಗರದಿಂದ ಸಾಗರದ ಆಸ್ಪತ್ರೆಗೆ ಪದೇ ಪದೇ ಓಡಾಡುವುದು ಎಂಬತ್ತು ದಾಟಿದ ಮುದುಕಿಗೆ ಕಷ್ಟ, ಆನಂದಪುರದಲ್ಲಿದ್ದರೆ ಬಸ್ಸು ಹತ್ತಿ ಕೂತರಾಯಿತು ಎಂದು ಅವಳ ಮಗ ತಂದು ಬಿಟ್ಟುಹೋಗಿದ್ದ. ಆಪರೇಷನ್ ಸರಾಗವಾಗಿ ಮುಗಿಯಿತು. ಕಪ್ಪು ಕನ್ನಡಕ ಏರಿಸಿಕೊಂಡು, ಹೊತ್ತು ಹೊತ್ತಿಗೆ ಡ್ರಾಪ್ಸ್ ಹಾಕಿಸಿಕೊಂಡು ಗಂಭೀರವಾಗಿ ಕೂತಿದ್ದ ಮುದುಕಿ ಒಂದು ಮಧ್ಯಾಹ್ನ ಊಟದ ನಡುವೆ ತಾನು ಬಂದ ನಿಜವಾದ ಕಾರಣವನ್ನು ಹೊರಗೆ ಹಾಕಿದಳು.

"ಭೂತಾ, ದೀಪಾವಳಿಲಿ ಹಿರಿಯರ ಹಬ್ಬ ಮಾಡ್ತೀಯಲ್ಲ, ಈ ಸಲ ನನ್ನಪ್ಪಂಗೂ ಒಂದು ಎಲೆ ಹಾಕ್ಬೇಕು. ಅದನ್ನ ಈ ಹೊಸ ಕಣ್ಣಲ್ಲಿ ನೋಡ್ಕೊಂಡೇ ನಾನು ಹೊಸನಗರಕ್ಕೆ ಹೋಗೋದು."

ಅನ್ನ ಕಲಸುತ್ತಿದ್ದ ಭೂತಪ್ಪನ ಕೈ ನಿಂತಿತು. ಅವನಿಗೂ ಎಪ್ಪತ್ತು ದಾಟಿದೆ. ಶೇಷಮ್ಮ ಅವನ ದೊಡ್ಡಪ್ಪನ ಮಗಳು, ಅಕ್ಕ. ಊರಿನಲ್ಲಿ ಅವನನ್ನು 'ಭೂತಾ' ಎಂದು ಕರೆಯುವ ಧೈರ್ಯ ಉಳಿದಿದ್ದದ್ದು ಅವಳೊಬ್ಬಳಿಗೇ.

"ಅಕ್ಕಾ, ಆ ಮಾತು ಬೇಡ. ಕಡಿದು ಹಾಕಿದವರಿಗೆ ಎಲೆ ಹಾಕೋ ಪದ್ಧತಿ ನಮ್ಮನೇಲಿ ಇಲ್ಲ."

"ಪದ್ಧತಿ ಮಾಡಿದ್ದು ಯಾರು?"

"ನಮ್ಮಜ್ಜ."

"ನನಗೂ ಅವನೇ ಅಜ್ಜ."

"ಉಣ್ಣಕ್ಕ ಸುಮ್ನೆ," ಎಂದ ಭೂತಪ್ಪ. ಶೇಷಮ್ಮ ಉಣ್ಣಲಿಲ್ಲ. ಎಲ್ಲರೂ ಎದ್ದ ಮೇಲೆ ಅಡುಗೆಮನೆಗೆ ಹೋಗಿ ಶ್ಯಾಮಲಾಳ ಪಕ್ಕದಲ್ಲಿ ಕೂತು ಎರಡು ಸಲ ಬಡಿಸಿಕೊಂಡು ಉಂಡಳು. ಅಂದಿನಿಂದ ಭೂತಪ್ಪನ ಪಂಕ್ತಿ ಬಿಟ್ಟಳು. ಅವಳ ಹಟಕ್ಕೂ ಹಸಿವೆಗೂ ಯಾವ ಜಗಳವೂ ಇರಲಿಲ್ಲ.

ಆ 'ಕಡಿದು ಹಾಕಿದ' ಕತೆ ಇಷ್ಟು. ಶೇಷಮ್ಮನ ಅಪ್ಪ ಮಾಸ್ತಪ್ಪ ಜೋಗದಲ್ಲಿ ವಿದ್ಯುತ್ತಿನ ಕಾಮಗಾರಿ ಶುರುವಾದಾಗ ಕಲ್ಲು ಹೊರಲು ಹೋದವನು. ಅಲ್ಲಿಂದ ಮೈಸೂರು ಪಡೆಗೆ ಸೇರಿದ, ಪಡೆ ಸಿಂಗಾಪುರಕ್ಕೆ ಹೋಯಿತು. ಆಗ ಶೇಷಮ್ಮ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಳು. ಜಪಾನಿನವರು ಮಲಯದ ಕಾಡು ಇಳಿದು ಬಂದು ಸಿಂಗಾಪುರ ಹಿಡಿದಾಗ ಬ್ರಿಟಿಷರು ಕೈ ಎತ್ತಿ ಶರಣಾದರು. ತಮ್ಮ ಕೆಳಗಿದ್ದ ನಮ್ಮವರನ್ನು ಕುರಿ ಎಣಿಸಿದ ಹಾಗೆ ಎಣಿಸಿ ಜಪಾನಿನವರ ಕೈಗೆ ಒಪ್ಪಿಸಿದರು. ಹಾಗೆ ಸೆರೆಯಾದವರಲ್ಲಿ ಕೆಲವರು ಆಜಾದ್ ಹಿಂದ್ ಫೌಜ್ ಸೇರಿ ಬ್ರಿಟಿಷರ ಮೇಲೆಯೇ ಬಂದೂಕು ತಿರುಗಿಸಿದರು. ಮಾಸ್ತಪ್ಪ ಅವರಲ್ಲೊಬ್ಬ.

ಆ ಸುದ್ದಿ ಆನಂದಪುರ ಮುಟ್ಟುವಾಗ ಪೊಲೀಸರನ್ನೂ ಜೊತೆಗೆ ಕರೆದುಕೊಂಡು ಬಂತು. ಮಗ ಬಂದರೆ ತಿಳಿಸಬೇಕು, ಬಚ್ಚಿಟ್ಟರೆ ಮನೆಮಂದಿಯೆಲ್ಲ ಜೈಲಿಗೆ ಎಂದರು. ಹಗಲು ಜಗಲಿಯಲ್ಲಿ ಕೂತರು, ರಾತ್ರಿ ಹಿತ್ತಲಲ್ಲಿ ನಿಂತರು. ಮಾಸ್ತಪ್ಪನ ಅಪ್ಪ ಜಟ್ಟಿಂಗಪ್ಪನಿಗೆ ಸಾಕುಸಾಕಾಯಿತು. ಪಟೇಲರ ಎದುರು ಹುಲ್ಲಿನ ಹುರಿ ಹೊಸೆದು, ಹೊಸ್ತಿಲಿಗೆ ಅಡ್ಡ ಕಟ್ಟಿ, ಕತ್ತಿಯಲ್ಲಿ ಕಡಿದು, "ಇವತ್ತಿಂದ ಅವನು ಈ ಮನೆಯವನಲ್ಲ" ಎಂದ. ಸೊಸೆಯನ್ನೂ ಹಸುಗೂಸನ್ನೂ ಹೊಸನಗರದ ಅವಳ ತವರಿಗೆ ಕಳಿಸಿಬಿಟ್ಟ. ಪೊಲೀಸರು ಹೋದರು. ಮಾಸ್ತಪ್ಪ ಮಾತ್ರ ಎಂದೂ ಬರಲಿಲ್ಲ. ಬ್ರಿಟಿಷರು ದೇಶ ಬಿಟ್ಟು ಹೋದರು, ಪಟೇಲಿಕೆಯೂ ಹೋಯಿತು, ಹುರಿ ಕಡಿದದ್ದು ಮಾತ್ರ ಕಡಿದ ಹಾಗೇ ಉಳಿಯಿತು.

ಈ ಮನೆಯಲ್ಲಿ ಸತ್ತವರಿಗೂ ಬದುಕಿದವರಿಗೆ ಹಾಕಿದ ಹಾಗೆಯೇ ಎಲೆ ಹಾಕುತ್ತಾರೆ. ನಡುಮನೆಯಲ್ಲಿ ಸಾಲಾಗಿ ಬಾಳೆ ಎಲೆ, ಒಬ್ಬೊಬ್ಬ ಹಿರಿಯರಿಗೆ ಒಂದೊಂದು. ಅವರವರಿಗೆ ಬೇಕಾದದ್ದು ಬಡಿಸಿ, ಯಜಮಾನ ಹೆಸರು ಹಿಡಿದು ಕರೆದು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಹಿರಿಯರು ಉಂಡ ಮೇಲೆ ಅದೇ ಎಲೆಗಳಿಗೆ ಮನೆಯವರು ಕೂರುತ್ತಾರೆ. ಎಲೆ ಇಲ್ಲದವನು ಆ ಮನೆಯಲ್ಲಿ ಹುಟ್ಟಿಯೇ ಇಲ್ಲ ಎಂದು ಅರ್ಥ. ಶೇಷಮ್ಮನಿಗೆ ಎದೆಯಲ್ಲಿ ಚುಚ್ಚುತ್ತಿದ್ದದ್ದು ಅದು. ಅಪ್ಪನ ಮುಖ ಕಂಡವಳಲ್ಲ; ಅವನು ಇದ್ದ ಎಂದು ಹೇಳುವ ಒಂದು ಎಲೆಯೂ ಇಲ್ಲದೆ ತಾನೂ ಹೋಗಿಬಿಡಬೇಕೇ ಎಂಬುದು ಅವಳ ಸಂಕಟ.

ಭೂತಪ್ಪನ ಸಂಕಟ ಬೇರೆ ಇತ್ತು. ಅದನ್ನು ಅವನು ಹೇಳಲಿಲ್ಲ, ಅವನ ಮಗ ರಾಜು ಹೇಳಿದ. ರಾಜುವಿಗೆ ಮನೆಯ ಮುಂದೆಯೇ, ಶಿವಮೊಗ್ಗ ರಸ್ತೆಗೆ ಮುಖ ಮಾಡಿ ಟಯರ್ ಅಂಗಡಿ. ಸಂಜೆ ಕೈಗೆ ಸೋಪು ಉಜ್ಜುತ್ತಾ ಹೆಂಡತಿ ಶ್ಯಾಮಲಾಳ ಹತ್ತಿರ ಮೆಲ್ಲಗೆ ಅಂದ:

"ಅಪ್ಪಂಗೆ ಗದ್ದೆ ಚಿಂತೆ ಕಣೆ. ಇವತ್ತು ಎಲೆ ಒಳಗೆ ಬಂದ್ರೆ ನಾಳೆ ಪಾಲೂ ಒಳಗೆ ಬರ್ತದೆ ಅಂತ."

"ಶೇಷಮ್ಮತ್ತೆ ಪಾಲು ಕೇಳಿದ್ರಾ?"

"ಕೇಳ್ಲಿಲ್ಲ. ಅದೇ ಅಪ್ಪಂಗೆ ಹೆದರಿಕೆ. ಕೇಳಿದ್ರೆ ಬೈದಾದ್ರೂ ಕಳಿಸ್ಬೋದಿತ್ತು."

ಶ್ಯಾಮಲಾ ಕೋಣಂದೂರಿನ ಹುಡುಗಿ. ಮದುವೆಯಾಗಿ ಬಂದಾಗಿನಿಂದ ಮಾವನಿಗೆ ಎದುರಾಡಿದವಳಲ್ಲ. ಎದುರಾಡುವುದು ಬರುವುದಿಲ್ಲ ಎಂದಲ್ಲ. ಮಾವ ದಿನಕ್ಕೆ ಆಡುವ ಮಾತುಗಳಲ್ಲಿ ಯಾವುದಕ್ಕೆ ಅಂತ ಎದುರಾಡುವುದು ಎಂದು ಸುಮ್ಮನಿದ್ದಳು, ಅಷ್ಟೇ.

ಮನೆಯಲ್ಲಿ ಮುದುಕಿಯ ಪಕ್ಷ ಮೊದಲು ಸೇರಿದವಳು ರಾಜುವಿನ ಮಗಳು ಕವನಾ, ಹತ್ತನೇ ಕ್ಲಾಸು. ಕಣ್ಣಿಗೆ ಡ್ರಾಪ್ಸ್ ಹಾಕುವ ಕೆಲಸ ಅವಳದು. ಹಾಕುತ್ತಾ ಹಾಕುತ್ತಾ ಪ್ರಶ್ನೆ ಕೇಳುವುದೂ ಅವಳದೇ.

"ಅಜ್ಜಿ, ಜಪಾನಿನವ್ರು ಒಳ್ಳೆಯವ್ರಾಗಿದ್ರಾ?"

"ಒಳ್ಳೆಯವ್ರು ಎಲ್ಲಿಂದ ಬರ್ಬೇಕು ಮಗಾ? ಬ್ರಿಟಿಷ್ರು ಎದ್ದು ಹೋದ ಕುರ್ಚಿಲಿ ತಾವು ಕೂರಕ್ಕೆ ಬಂದವ್ರು. ಅಲ್ಲಿನ ಜನನ ಬಾಳ ಗೋಳು ಹೊಯ್ಕಂಡ್ರಂತೆ."

"ಮತ್ತೆ ನಿಮ್ಮಪ್ಪ ಅವ್ರ ಕಡೆ ಯಾಕೆ ಹೋದ್ರು?"

"ಅವ್ರ ಕಡೆ ಅಲ್ವೇ! ಕೋಣಂದೂರಿನ ಸಿಪಾಯಿ ಒಬ್ಬ ವಾಪಸ್ ಬಂದಿದ್ದ, ನಮ್ಮವ್ವಂಗೆ ಬಾವಿಕಟ್ಟೆಲಿ ನಿಂತು ಎಲ್ಲ ಹೇಳಿದ್ದ. ನನ್ನಪ್ಪ ಅಂದಿದ್ನಂತೆ, ಜಪಾನಿಗೆ ಅಂತ ನಾನು ಒಂದು ಹೆಜ್ಜೆ ಇಡಲ್ಲ, ಆದ್ರೆ ಈ ದಾರಿ ನಮ್ಮೂರ ಕಡೆಗೆ ಹೋಗ್ತದೆ ಅಂದ್ರೆ ನಡೀತೀನಿ ಅಂತ. ಬರ್ಮಾದ ಕಾಡಲ್ಲಿ ಇಂಫಾಲದ ಕಡೆ ನಡೀತಾ ಜ್ವರ ಬಂದು ಬಿದ್ನಂತೆ."

ಕವನಾ ಮೊಬೈಲಿನಲ್ಲಿ ನಕ್ಷೆ ತೆಗೆದು ಸಿಂಗಾಪುರದಿಂದ ಇಂಫಾಲಕ್ಕೆ ಬೆರಳೆಳೆದಳು. ಶೇಷಮ್ಮ ಕನ್ನಡಕ ಸರಿಸಿ, ಪೊರೆ ಕಳೆದ ಕಣ್ಣಲ್ಲಿ ಅದನ್ನು ಬಹಳ ಹೊತ್ತು ನೋಡಿದಳು. "ಇಷ್ಟು ದೂರ ನಡ್ದವನಿಗೆ ಹೊಸ್ತಿಲು ದಾಟಕ್ಕೆ ಬಿಡಲ್ಲ ಅಂತಾನಲ್ಲ ನಿನ್ನಜ್ಜ!" ಎಂದು ಜಗಲಿಗೆ ಕೇಳುವಂತೆ ಕೂಗಿದಳು. ಜಗಲಿಯಿಂದ ಕೆಮ್ಮು ಮಾತ್ರ ಬಂತು.

ಹೀಗಿರುವಾಗ ಜೋಗದ ಕಡೆ ರೆಸಾರ್ಟ್ ಕಟ್ಟುತ್ತಿದ್ದವನೊಬ್ಬ ಟಯರ್ ಬದಲಿಸಲು ಬಂದ. ನೀರು ಕುಡಿಯಲು ಒಳಗೆ ಬಂದವನ ಕಣ್ಣು ಹಿಂದಿನ ಕೋಣೆಯ ಮರದ ಕಣಜದ ಮೇಲೆ ಬಿತ್ತು. ಹಳೆಯ ಮನೆ ಕೆಡವಿ ಆರ್‌ಸಿಸಿ ಕಟ್ಟಿಸಿದಾಗ ಉಳಿಸಿಕೊಂಡದ್ದು ಅದೊಂದನ್ನೇ. ಈಗ ಅದರ ಒಂದು ಪಕ್ಕ ವಾಷಿಂಗ್ ಮಷೀನು, ಒಳಗೆ ಅರ್ಧ ಭತ್ತ, ಅರ್ಧ ರಾಜುವಿನ ಹಳೆ ಟ್ಯೂಬುಗಳು. ಒಳ್ಳೆಯ ಬೆಲೆಗೆ ಕೇಳಿದ. ರಾಜುವಿಗೂ ಆಸೆಯಾಯಿತು.

"ಅಪ್ಪಾ, ಕೊಟ್ಟುಬಿಡಾಣ. ಜಾಗನಾದ್ರೂ ಆಗ್ತದೆ."

ಭೂತಪ್ಪ ಎದ್ದು ನಿಂತ. "ಕೊಟ್ಟು? ಕಣಜದ ಎಲೆ ಎಲ್ಲಿ ಹಾಕ್ತೀಯ, ನಿನ್ನ ಟಯರ್ ಮೇಲಾ? ಕನ್ನಮ್ಮಜ್ಜಿ ಸಾಯೋವಾಗ ನಮ್ಮೆಲ್ಲರನ್ನ ಸುತ್ತ ಕೂರಿಸ್ಕೊಂಡು ಹೇಳಿದ್ದು ಒಂದೇ ಮಾತು, ಕಣಜದ ಎಲೆ ತಪ್ಪಿಸ್ಬೇಡಿ ಅಂತ. ನಾನಾಗ ಚಡ್ಡಿ ಹಾಕೋ ಹುಡ್ಗ, ಈಗ್ಲೂ ಕಿವಿಲಿ ಅದೆ. ಬೇರೆ ಯಾವ ಎಲೆ ತಪ್ಪಿದ್ರೂ ತಪ್ಲಿ, ಅದು ತಪ್ಪಿದ್ರೆ ಈ ಮನೆ ಉಳಿಯಲ್ಲ!"

ರೆಸಾರ್ಟಿನವನು ಟಯರ್ ಹಾಕಿಸಿಕೊಂಡು ಹೋದ. ಕನ್ನಮ್ಮಜ್ಜಿ ಎಂದರೆ ಜಟ್ಟಿಂಗಪ್ಪನ ಹೆಂಡತಿ, ಮಾಸ್ತಪ್ಪನ ತಾಯಿ. ಅವಳು ಹೇಳಿಹೋದ ಕಣಜದ ಎಲೆ ಯಾರಿಗೆ ಎಂಬುದು ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಭತ್ತ ಕಾಯುವ ಯಾವುದೋ ದೈವಕ್ಕೆ ಎಂದು ಭೂತಪ್ಪ ನಂಬಿದ್ದ; ಇಲಿಗಳಿಗೆ ಎಂದು ರಾಜು ನಗುತ್ತಿದ್ದ. ಅದನ್ನು ಹಾಕುವವರು ಸೊಸೆಯರು ಮಾತ್ರ. ಗಂಡಸರು ಆ ಹೊತ್ತಿಗೆ ಅಲ್ಲಿಗೆ ಹೋಗುವಂತಿಲ್ಲ, ಮದುವೆಯಾಗಿ ಹೋದ ಹೆಣ್ಣುಮಕ್ಕಳು ನೋಡುವಂತಿಲ್ಲ. ಶ್ಯಾಮಲಾಳಿಗೆ ಕಲಿಸಿದವಳು ಅವಳ ಅತ್ತೆ, ಭೂತಪ್ಪನ ತೀರಿಹೋದ ಹೆಂಡತಿ ಕೆರಿಯಮ್ಮ. ಕೆರಿಯಮ್ಮನಿಗೆ ಕಲಿಸಿದವಳು ಅವಳ ಅತ್ತೆ. ಅವಳಿಗೆ ಕಲಿಸಿದವಳು ಕನ್ನಮ್ಮ.

ಮಹಾನವಮಿ ಮುಗಿದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಭೂತಪ್ಪ ಮೊಮ್ಮಗಳ ಕೈ ಮೇಲೆ ಕಣ್ಣಿಟ್ಟ. ಕವನಾ ಎಡಚಿ. ಬರೆಯುವುದು, ಬೌಲಿಂಗ್ ಹಾಕುವುದು ಎಲ್ಲ ಎಡಗೈಯಲ್ಲಿ. ಅಜ್ಜ ಎದುರಿಗಿದ್ದಾಗ ಉಣ್ಣುವುದು ಮಾತ್ರ ಬಲಗೈಯಲ್ಲಿ. ಆ ದಿನ ಹಸಿವೆಯಲ್ಲಿ ಮರೆತಿದ್ದಳು.

"ಕೈ ಬದಲಿಸು! ಎಡಗೈಲಿ ಉಣ್ಣೋದು ಯಾವ ಮನೆ ಮಕ್ಕಳ ಲಕ್ಷಣ?"

"ಈ ಮನೆ ಮಕ್ಕಳ ಲಕ್ಷಣ," ಎಂದು ಅಡುಗೆಮನೆಯಿಂದ ಶೇಷಮ್ಮನ ದನಿ ಬಂತು. ಹಿಂದೆಯೇ ತಟ್ಟೆ ಹಿಡಿದು ಅವಳೂ ಬಂದಳು. "ನನ್ನಪ್ಪನ ಕೈ ಅದು. ನಂಗೂ ಇತ್ತು, ಹೊಸನಗರದಲ್ಲಿ ಬರೆ ಹಾಕಿ ಬಿಡಿಸಿದ್ರು, ನೋಡು ಕಲೆ. ನನ್ನಪ್ಪಂಗೆ ಪಡೆಲಿ ಬ್ರಿಟಿಷ್ ಆಫೀಸರ್ ಕಪಾಳಕ್ಕೆ ಹೊಡೆದ್ರೂ ಬಂದೂಕು ಎಡಹೆಗಲಿಗೇ ಹೋಗ್ತಿತ್ತಂತೆ. ನಮ್ಮವ್ವ ಹೇಳ್ತಿದ್ಲು, ಆ ಮನೇಲಿ ಕನ್ನಮ್ಮತ್ತೆ ಒಬ್ಬಳೇ ಅವ್ನಿಗೆ ಬಯ್ತಿರ್ಲಿಲ್ಲ. ಮಗಂಗೆ ಅನುಕೂಲ ಆಗ್ಲಿ ಅಂತ ಎಲೇನೇ ತಿರುಗಿಸಿ ಹಾಕ್ತಿದ್ಲಂತೆ, ಕುಡಿ ಬಲಕ್ಕೆ, ಲೋಟನೂ ಬಲಕ್ಕೆ."

ಸಾರು ಬಡಿಸಲು ಬಗ್ಗಿದ್ದ ಶ್ಯಾಮಲಾ ಸೌಟನ್ನು ಹಾಗೆಯೇ ಹಿಡಿದು ನಿಂತಳು. ಸಾರು ರಾಜುವಿನ ತಟ್ಟೆಯಿಂದ ಹೊರಗೆ ಹರಿಯಿತು.

"ಏ, ಎಲ್ಲಿ ನೋಡ್ತಿದೀಯೆ?"

"ಎಲ್ಲೂ ಇಲ್ಲ," ಎಂದಳು.

ಅವಳು ನೋಡುತ್ತಿದ್ದದ್ದು ಕಣಜದ ಕೋಣೆಯ ಕಡೆಗೆ. ಪ್ರತಿ ವರ್ಷ ಹಿರಿಯರ ಹಬ್ಬದ ಸಂಜೆ ಅವಳು ಆ ಕಣಜದ ಹಿಂದೆ ಒಂದು ಎಲೆ ಹಾಕುತ್ತಾಳೆ. ದೀಪ ಹಚ್ಚುವಂತಿಲ್ಲ. ನಡುಮನೆಯ ಎಲೆಗಳಿಗೆಲ್ಲ ಕುಡಿ ಎಡಕ್ಕೆ, ಲೋಟ ಎಡಕ್ಕೆ. ಈ ಎಲೆಗೆ ಮಾತ್ರ ಕುಡಿ ಬಲಕ್ಕೆ, ಲೋಟ ಬಲಕ್ಕೆ. ಬಡಿಸಿ ಏಳುವಾಗ ಪಿಸುಮಾತಿನಲ್ಲಿ ಒಂದು ಮಾತು ಹೇಳಬೇಕು, ಕೆರಿಯಮ್ಮ ಕಿವಿಯಲ್ಲಿ ಮಂತ್ರದ ಹಾಗೆ ಹೇಳಿಕೊಟ್ಟದ್ದು: "ಸದ್ದು ಮಾಡ್ದೆ ಉಂಡ್ಕೋ ಮಗಾ." ದೈವಕ್ಕೆ ಯಾಕೆ ಮಗ ಅನ್ನುವುದು ಎಂದು ಶ್ಯಾಮಲಾ ಒಮ್ಮೆ ಕೇಳಿದ್ದಳು. "ನಂಗೇನು ಗೊತ್ತು, ಹಂಗೇ ಹೇಳ್ಬೇಕು" ಎಂದಿದ್ದಳು ಕೆರಿಯಮ್ಮ.

ಅಂದು ಹೊರಗೆ ಪೊಲೀಸರು ಕೂತಿದ್ದರು. ಗಂಡ ಹೊಸ್ತಿಲಲ್ಲಿ ಹುರಿ ಕಡಿದಿದ್ದ. ಕನ್ನಮ್ಮ ಯಾರೊಡನೆಯೂ ಜಗಳವಾಡದೆ ಕತ್ತಲೆಯಲ್ಲಿ ಮಗನಿಗೆ ಎಲೆ ಹಾಕಿದ್ದಳು, ಅವನ ಕೈಗೆ ಅನುಕೂಲವಾಗುವ ಹಾಗೆ. ತಾನು ಇಷ್ಟು ವರ್ಷ ಬಡಿಸಿದ್ದು ಯಾರಿಗೆಂದು ತಿಳಿದ ಶ್ಯಾಮಲಾ ಪಾತ್ರೆ ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಸಂಜೆ ರಾಜುವಿಗೆ ಹೇಳಿದಳು. ಅವನ ಮುಖದಲ್ಲಿದ್ದ ನಗು ಇಳಿಯಿತು.

"ನಾನು ಇಲಿಗೆ ಅಂತಿದ್ನಲ್ಲೇ..."

"ಅಂತಿದ್ರಿ."

"ಅಪ್ಪಂಗೆ ಹೇಳಾಣ."

"ಈಗ ಹೇಳಿದ್ರೆ ಹಬ್ಬದೊಳಗೆ ಮಾವ ಇನ್ನೊಂದು ಪದ್ಧತಿ ಹುಡುಕ್ತಾರೆ. ನೀವು ಸುಮ್ನಿರಿ. ಶೇಷಮ್ಮತ್ತೆಗೂ ಹೇಳ್ಬೇಡಿ, ಅವ್ರ ಬಾಯಲ್ಲಿ ನಿಲ್ಲಲ್ಲ."

ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿ ಹೀಗೆ ಲೆಕ್ಕಾಚಾರ ಹಾಕುವುದನ್ನು ರಾಜು ಕಂಡಿರಲಿಲ್ಲ. ಎದ್ದು ಅಂಗಡಿಗೆ ಹೋದ.

ಹಬ್ಬದ ದಿನ ಬೆಳಗಿನಿಂದ ಮನೆ ತುಂಬ ಕಡುಬಿನ ಹಬೆ. ಶೇಷಮ್ಮ ಮಾತಿಲ್ಲದೆ ಕೂತು ಕೋಳಿ ಸಾರಿಗೆ ಕಾಯಿ ತುರಿದುಕೊಟ್ಟಳು. ಅವಳ ಬಟ್ಟೆಯ ಚೀಲ ಬಾಗಿಲ ಬಳಿ ಸಿದ್ಧವಾಗಿತ್ತು. ಸಂಜೆ ಮಗ ಬಂದು ಕರೆದೊಯ್ಯುವವನಿದ್ದ. ಹೊತ್ತು ಇಳಿಯುವಾಗ ನಡುಮನೆಯಲ್ಲಿ ಎಲೆಗಳು ಸಾಲಾದವು. ಜಟ್ಟಿಂಗಪ್ಪನ ಎಲೆಗೆ ಎಲೆಅಡಿಕೆಯ ಕವಳ, ಕನ್ನಮ್ಮನ ಎಲೆಗೆ ಕೊಟ್ಟೆ ಕಡುಬು, ಭೂತಪ್ಪನ ಅಪ್ಪನ ಎಲೆಗೆ ಬೀಡಿಕಟ್ಟು, ಕೆರಿಯಮ್ಮನ ಎಲೆಗೆ ಒಣಮೀನು. ಶೇಷಮ್ಮ ಆ ಸಾಲನ್ನು ನೋಡಿದಳು.

"ಭೂತಾ, ಕಡೇ ಸಲ ಕೇಳ್ತಿದೀನಿ ಕಣೋ. ಮುಂದಿನ ವರ್ಷ ನಾನಿರ್ತೀನೋ ಇಲ್ವೋ."

ಭೂತಪ್ಪನ ದನಿಯಲ್ಲಿ ಈ ಸಲ ಸಿಟ್ಟಿರಲಿಲ್ಲ. "ಹಿರಿಯರು ಕಡಿದಿದ್ದನ್ನ ನಾನು ಹೆಂಗಕ್ಕ ಕೂಡಿಸ್ಲಿ? ಹೋದವರ ಮಾತು ಮೀರಕ್ಕಾಗ್ತದಾ?" ಎಂದವನೇ, ಅಳು ಬಂದ ಅಕ್ಕನ ಮುಖ ನೋಡಲಾರದೆ ಒಳಗೆ ಕೂಗಿದ, "ಶ್ಯಾಮಲಾ, ಕಣಜದ ಎಲೆ ಆಯ್ತಾ?"

"ಇಲ್ಲ ಮಾವ. ಈ ವರ್ಷ ನಾನು ಹಾಕಲ್ಲ."

ರಾಜು ಕಿಟಕಿಯಾಚೆ ನೋಡತೊಡಗಿದ.

"ಹಾಕಲ್ಲ ಅಂದ್ರೆ ಎಂತ?"

"ಯಾರ ಎಲೆ ಅಂತ ಗೊತ್ತಿಲ್ದೆ ಇಷ್ಟು ವರ್ಷ ಹಾಕ್ದೆ. ಈಗ ಗೊತ್ತಾಗದೆ. ಅದನ್ನ ಹಾಕೋ ಹಕ್ಕು ನನಗಿಂತ ಹೆಚ್ಚು ಅತ್ತೆಗದೆ, ಅವ್ರು ಹಾಕ್ಲಿ."

"ಮದ್ವೆಯಾಗಿ ಹೋದ ಹೆಣ್ಣುಮಗಳು ಕಣಜದ ಎಲೆ ನೋಡೋ ಹಂಗೇ ಇಲ್ಲ!"

"ಯಾಕೆ ನೋಡೋ ಹಂಗಿಲ್ಲ ಗೊತ್ತಾ ಮಾವ? ಹೊರಗೆ ಹೋಗಿ ಬಾಯಿ ಬಿಟ್ಟಾರು ಅಂತ. ದೀಪ ಯಾಕಿಲ್ಲ? ಪೊಲೀಸ್ರು ನೋಡ್ತಾರೆ ಅಂತ. ಕುಡಿ ಬಲಕ್ಕೆ, ಲೋಟ ಬಲಕ್ಕೆ ಇಟ್ಟು, ಸದ್ದು ಮಾಡ್ದೆ ಉಂಡ್ಕೋ ಮಗಾ ಅಂತ ಹೇಳಿ ಬರ್ಬೇಕು ಅಂತ ಕೆರಿಯಮ್ಮತ್ತೆ ನಂಗೆ ಹೇಳಿಕೊಟ್ಟಿದ್ದು. ಯಾವ ದೈವ ಮಾವ ಎಡಗೈಲಿ ಉಣ್ಣೋದು? ಕನ್ನಮ್ಮಜ್ಜಿ ಮಗಾ ಅನ್ನೋದು ಯಾರಿಗೆ?"

ಶೇಷಮ್ಮ ಅವಳ ಹತ್ತಿರ ಬಂದಳು. "ಏನಂದೆ? ಏನಂದೆ ಮಗಾ? ಇನ್ನೊಂದ್ಸಲ ಹೇಳು." ಶ್ಯಾಮಲಾ ಇನ್ನೊಂದು ಸಲ ಹೇಳಿದಳು, ನಿಧಾನವಾಗಿ, ಅವಳ ಕೈ ಹಿಡಿದು.

ಭೂತಪ್ಪ ಎದ್ದು ಕಣಜದ ಕೋಣೆಗೆ ಹೋದ, ಆ ಹೊತ್ತಿನಲ್ಲಿ ಆ ಮನೆಯ ಗಂಡಸೊಬ್ಬ ಅಲ್ಲಿಗೆ ಹೋದದ್ದು ಅದೇ ಮೊದಲು. ವಾಷಿಂಗ್ ಮಷೀನಿನ ಪಕ್ಕ ನಿಂತು ಕಣಜದ ಹಿಂದಿನ ಕತ್ತಲೆಗೆ ಬಗ್ಗಿ ನೋಡಿದ. ಹೊರಗೆ ಬಂದು ಅಕ್ಕನ ಎದುರು ನಿಂತ.

"ಸಾಯೋವಾಗ ನನ್ನಜ್ಜಿ ಒಬ್ಬಳೇ ಏನೇನೋ ಹೇಳ್ತಿದ್ಲು. ಮಗಂಗೆ ಅನ್ನ ಇಟ್ಟೀನಿ, ಮಗಂಗೆ ಅನ್ನ ಇಟ್ಟೀನಿ ಅಂತ. ನಮ್ಮಪ್ಪ ಎದುರಿಗೇ ಕೂತು, ನಾನು ಉಂಡೆ ಕಣೇ ಅವ್ವಾ, ನಂದಾಯ್ತು ಅಂತಿದ್ದ. ಅವಳು ಅಲ್ಲ ಅಲ್ಲ ಅಂತ ತಲೆ ಆಡಿಸ್ತಿದ್ಲು." ಪಂಚೆಯ ತುದಿಯಲ್ಲಿ ಮುಖ ಒರೆಸಿಕೊಂಡ. "ನಾವು ಕಡ್ದಿದೀವಿ, ಕಡ್ದಿದೀವಿ ಅಂತ ಹೊರಗೆ ಮೀಸೆ ತಿರುವ್ತಿದ್ವಿ. ಒಳಗೆ ಒಂದು ವರ್ಷನೂ ತಪ್ಪಿಸ್ದೆ ಇಟ್ಟವ್ರೆ ಹೆಂಗಸ್ರು."

"ತಪ್ಪಿದ್ರೆ ಮನೆ ಉಳಿಯಲ್ಲ ಅಂತ ನೀವೇ ಹೇಳಿದ್ದು ಅಜ್ಜ," ಎಂದಳು ಕವನಾ.

"ಹೇಳ್ದೆ ಕಣೇ, ಹೇಳ್ದೆ! ಈಗ ನೀನೊಬ್ಬಳು ಬಾಕಿ ಇದ್ದೆ!"

ಅವನ ಕೂಗಿನಲ್ಲಿ ಅರ್ಧ ನಗು ಇತ್ತು. ರಾಜು ಧೈರ್ಯವಾಗಿ ಈ ಕಡೆ ತಿರುಗಿದ. ಶೇಷಮ್ಮ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡುತ್ತಿದ್ದಳು. ಕಣ್ಣಿಗೆ ನೀರು ತಾಗಬಾರದು ಎಂದು ಡಾಕ್ಟರು ಹೇಳಿದ್ದನ್ನು ಯಾರೂ ನೆನಪಿಸಲಿಲ್ಲ.

"ಅಕ್ಕಾ," ಎಂದ ಭೂತಪ್ಪ ತಗ್ಗಿದ ದನಿಯಲ್ಲಿ, "ಎಲೆ ನಡುಮನೆಗೇ ಬರ್ಲಿ. ಜಟ್ಟಿಂಗಪ್ಪಜ್ಜನ ಪಕ್ಕ. ಅಪ್ಪ ಮಗ ಏನಾದ್ರೂ ಮಾತಾಡ್ಕೊಳ್ಲಿ." ಸ್ವಲ್ಪ ತಡೆದು, "ಪಾಲಿನ ವಿಷಯ..." ಎಂದು ಶುರುಮಾಡಿದ.

"ಕೇಳ್ತೀನೋ ಬಿಡ್ತೀನೋ, ಅದು ಹಬ್ಬ ಕಳೆದ ಮೇಲೆ. ಅಲ್ಲಿವರೆಗೆ ನೀನು ನಿದ್ದೆಯಿಲ್ದೆ ಹೊರಳಾಡು," ಎಂದಳು ಶೇಷಮ್ಮ. "ಶ್ಯಾಮಲಾ, ಎಲೆ ಕೊಡು ಇಲ್ಲಿ."

ಕನ್ನಮ್ಮನ ಎಲೆಗೂ ಜಟ್ಟಿಂಗಪ್ಪನ ಎಲೆಗೂ ನಡುವೆ ಜಾಗ ಮಾಡಿದರು. ಶೇಷಮ್ಮ ಕುಡಿ ಬಲಕ್ಕೆ ಬರುವಂತೆ ಎಲೆ ಹಾಸಿ, ಲೋಟ ಬಲಕ್ಕಿಟ್ಟು, ತಾನೇ ಕಡುಬು ಬಡಿಸಿದಳು. ಅಪ್ಪನಿಗೆ ಏನು ಇಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ, ಹಾಗಾಗಿ ಮಾಡಿದ್ದನ್ನೆಲ್ಲ ಬಡಿಸಿದಳು, ಎಲೆಯಲ್ಲಿ ಜಾಗ ಸಾಲದಷ್ಟು. ಕವನಾ ದೀಪ ತಂದು ಆ ಎಲೆಯ ಮುಂದೆಯೇ ಇಟ್ಟಳು.

ಭೂತಪ್ಪ ಕೈಮುಗಿದು ಕರೆಯತೊಡಗಿದ. "ಜಟ್ಟಿಂಗಪ್ಪಜ್ಜಾ ಬಾ. ಕನ್ನಮ್ಮಜ್ಜೀ ಬಾ." ಆಮೇಲೆ ಉಸಿರು ತುಂಬಿಕೊಂಡು, ಶಿವಮೊಗ್ಗ ರಸ್ತೆಯಲ್ಲಿ ಹೋಗುವ ಲಾರಿಯವನೂ ತಿರುಗಿ ನೋಡಬೇಕು, ಅಷ್ಟು ದೊಡ್ಡ ದನಿಯಲ್ಲಿ, "ಮಾಸ್ತಪ್ಪ ದೊಡ್ಡಪ್ಪಾ! ಒಳಗೆ ಬಾ!" ಎಂದು ಕೂಗಿದ. ಅವನ ಅಷ್ಟೂ ವರ್ಷದ ಬಿಗುಮಾನ ಆ ಕೂಗಿನ ಜೊತೆಗೆ ಹೊರಗೆ ಹೋಯಿತು.

ಎಲ್ಲರೂ ಜಗಲಿಗೆ ಬಂದರು. ರಾಜು ಬಾಗಿಲು ಮುಚ್ಚಿದ. ಹೊಸನಗರದಿಂದ ಬಂದ ಶೇಷಮ್ಮನ ಮಗ ಕಾರಿನಿಂದಿಳಿದು, ಏನಾಯಿತೆಂದು ತಿಳಿಯದೆ ಸುಮ್ಮನೆ ನಿಂತ. ಒಳಗೆ ಹಿರಿಯರು ಉಣ್ಣುವಾಗ ಹೊರಗಿನವರು ತುಟಿ ಬಿಚ್ಚಬಾರದು ಎಂಬುದು ಪದ್ಧತಿ. ಅದನ್ನು ಮೊದಲು ಮುರಿದವನು ಭೂತಪ್ಪನೇ.

"ಬಾಗಿಲು ತೆಗೆದ ಮೇಲೆ ಆ ಎಲೆಗೆ ಕವನಾ ಕೂರ್ಲಿ," ಎಂದ ಮೊಮ್ಮಗಳ ಕಡೆ ನೋಡದೆ. "ಅವಳ ಕೈಗೆ ಅನುಕೂಲ."

ಶೇಷಮ್ಮ ಎದ್ದಳು. ಮುಚ್ಚಿದ ಬಾಗಿಲಿಗೆ ಎರಡೂ ಅಂಗೈ ಊರಿ, ಹಲ್ಲಿಲ್ಲದ ಬಾಯಿ ತುಂಬ ಕೂಗಿದಳು:

"ಅಪ್ಪಾ, ಹೊರಗೆ ನಾವೇ ಇರೋದು, ಬೇರೆ ಯಾರೂ ಇಲ್ಲ. ಸದ್ದು ಮಾಡ್ಕೊಂಡೇ ಉಣ್ಣು!"